ದಾಖಲೆಯ ಏಕತ್ವವೂ ಚಿರತ್ವವೂ: ದುರ್ಗದ ಸೀಮೆಯ ಪಹಣಿಯಿಂದ ವೆಬ್ ಪ್ರೋಗ್ರಾಮಿನವರೆಗೆ

೧. ಪೀಠಿಕೆ

ಒಂದು ಹೊಲಕ್ಕೆ ಎರಡು ಪಹಣಿಗಳು ಹುಟ್ಟಿದರೆ ಆ ಹೊಲಕ್ಕೆ ಇಬ್ಬರು ಒಡೆಯರು ಹುಟ್ಟುತ್ತಾರೆ. ಇದ್ದ ಒಂದು ಪಹಣಿಯೂ ಅಳಿದುಹೋದರೆ ಒಡೆಯನಾದವನು ತನ್ನ ಒಡೆತನವನ್ನು ತೋರಿಸಲಾರದವನಾಗುತ್ತಾನೆ. ಆದುದರಿಂದ ದಾಖಲೆಯೆಂಬುದು ಒಂದೇ ಆಗಿರಬೇಕು, ಬಹುಕಾಲ ಬಾಳಲೂ ಬೇಕು. ಈ ಎರಡು ಅಪೇಕ್ಷೆಗಳಲ್ಲಿ ಮೊದಲನೆಯದನ್ನು ಏಕತ್ವವೆಂದೂ ಎರಡನೆಯದನ್ನು ಚಿರತ್ವವೆಂದೂ ಕರೆಯಬಹುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಲೆಕ್ಕಪತ್ರಗಳ ಚರಿತ್ರೆಯೆಲ್ಲವೂ ಇವೆರಡನ್ನು ಹೊಂದಿಸುವ ಪ್ರಯತ್ನದ ಚರಿತ್ರೆಯೇ ಆಗಿದೆ.

ಇದೇ ಪ್ರಶ್ನೆಯು ೧೯೯೦ರ ದಶಕದಿಂದ ಈಚೆಗೆ ವೆಬ್ ಪ್ರೋಗ್ರಾಮುಗಳನ್ನು ರಚಿಸುವವರ ಮುಂದೆ ಬೇರೊಂದು ವೇಷದಲ್ಲಿ ಬಂದು ನಿಂತಿತು. ಪ್ರೋಗ್ರಾಮಿನಲ್ಲಿ ಒಂದು ವಸ್ತುವು ಒಂದೇ ಇರುವಂತೆ ಮಾಡುವ ರಚನೆಗೆ ಸಿಂಗಲ್ಟನ್ ಎಂದು ಹೆಸರಾಯಿತು. ಪ್ರೋಗ್ರಾಮು ಮುಗಿದ ಮೇಲೂ ವಸ್ತುವು ಉಳಿಯುವಂತೆ ಮಾಡುವ ಕೆಲಸಕ್ಕೆ ಪರ್ಸಿಸ್ಟೆನ್ಸ್ ಎಂದು ಹೆಸರಾಯಿತು. ಒಂದನ್ನು ಸಾಧಿಸಿದರೆ ಇನ್ನೊಂದೂ ತಾನಾಗಿಯೇ ಸಿದ್ಧಿಸುವುದೆಂದು ಭಾವಿಸಿದವರು ಹಲವರು. ವಾಸ್ತವದಲ್ಲಿ ಇವೆರಡೂ ಬೇರೆ ಬೇರೆ. ಅಷ್ಟೇ ಅಲ್ಲ, ಅನೇಕ ವೇಳೆ ಪರಸ್ಪರ ವಿರುದ್ಧವಾದುವು. ಈ ವಿಷಯವನ್ನು ಮೊದಲು ದುರ್ಗದ ಸೀಮೆಯ ದಾಖಲೆಗಳಲ್ಲಿಯೂ, ಬಳಿಕ ವೆಬ್ಬಿನ ಇತಿಹಾಸದಲ್ಲಿಯೂ, ಕಡೆಯಲ್ಲಿ ಇವೆರಡೂ ಕೂಡುವ ‘ಭೂಮಿ’ ಯೋಜನೆಯಲ್ಲಿಯೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಶಿಲೆ, ಕಡತ, ಪಹಣಿ

ಚಿತ್ರದುರ್ಗದ ಕೋಟೆಯ ಬೆಟ್ಟಗಳ ಪಕ್ಕದಲ್ಲಿರುವ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವೊಂದಿದೆ. ಕೆರೆಯೊಂದರ ಸಂಬಂಧವಾದ ಈ ಬರೆಹವನ್ನು ೧೯೨೯ರಲ್ಲಿ ಡಾ॥ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಬಂಡೆಯ ಮೇಲಿನ ಬರೆಹವಾದುದರಿಂದ ಅದು ಹದಿನೈದು ಶತಮಾನಗಳಿಗೂ ಹೆಚ್ಚು ಕಾಲ ಬಾಳಿತು. ಆದರೆ ಅದಕ್ಕೆ ಎರಡನೆಯ ಪ್ರತಿಯಿಲ್ಲ. ಅಕ್ಷರಗಳು ಸವೆದೆಡೆಗಳಲ್ಲಿ ವಿದ್ವಾಂಸರಿಗೆ ಪಾಠದ ವಿಷಯವಾಗಿ ಅಭಿಪ್ರಾಯಭೇದ ಉಂಟಾದಾಗ ಹೋಲಿಸಿ ನೋಡುವುದಕ್ಕೆ ಮತ್ತೊಂದು ಬಂಡೆ ದೊರೆಯಲಿಲ್ಲ. ಏಕವಾದ ದಾಖಲೆಗೆ ಇರುವ ಅಪಾಯವು ಇದೇ.

ಇದಕ್ಕೆ ಪ್ರತಿಯಾಗಿ, ಅದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕನ ಶಾಸನಗಳು ೧೮೯೨ರಲ್ಲಿ ಬಿ. ಎಲ್. ರೈಸ್ ಅವರಿಗೆ ದೊರೆತುವು. ಒಂದೇ ಆಜ್ಞೆಯು ಸಮೀಪದ ಮೂರು ಬಂಡೆಗಳ ಮೇಲೆ ಕೊರೆಯಲ್ಪಟ್ಟಿದೆ. ಒಂದು ಕಡೆ ನಷ್ಟವಾದ ಅಕ್ಷರವನ್ನು ಇನ್ನೊಂದು ಕಡೆಯಿಂದ ತುಂಬಿಕೊಳ್ಳುವುದು ಇದರಿಂದ ಸಾಧ್ಯವಾಯಿತು. ಆದರೆ ಪ್ರತಿಗಳು ಹೆಚ್ಚಿದಂತೆ ಅವುಗಳೊಳಗೆ ಅಲ್ಪಸ್ವಲ್ಪ ವ್ಯತ್ಯಾಸಗಳೂ ಹುಟ್ಟಿ, ಯಾವುದು ಮೂಲಪಾಠವೆಂಬ ಪ್ರಶ್ನೆಗೆ ಎಡೆಗೊಟ್ಟುವು. ಚಿರತ್ವಕ್ಕಾಗಿ ಪ್ರತಿಗಳನ್ನು ಮಾಡಿದರೆ ಏಕತ್ವಕ್ಕೆ ಭಂಗ ಬರುವುದೆಂಬುದು ಇಲ್ಲಿಯೇ ವ್ಯಕ್ತವಾಗುತ್ತದೆ.

ಶಿಲಾಶಾಸನದ ಮತ್ತೊಂದು ಲಕ್ಷಣವೆಂದರೆ ಅದನ್ನು ತಿದ್ದಲಾಗದು. ಆಚಂದ್ರಾರ್ಕವಾಗಿ ನಡೆಯಬೇಕೆಂದು ಕೊಟ್ಟ ದತ್ತಿಗೆ ಅದು ತಕ್ಕದ್ದು. ವರ್ಷವರ್ಷವೂ ಬದಲಾಗುವ ಬೆಳೆ, ಕಂದಾಯ, ಬಾಕಿಗಳ ಲೆಕ್ಕಕ್ಕೆ ತಕ್ಕದ್ದಲ್ಲ. ಆ ಕೆಲಸಕ್ಕೆ ಕಡತವು ಬಳಕೆಯಲ್ಲಿದ್ದಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಕಪ್ಪುಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಬರೆದುದನ್ನು ಒರೆಸಿ ಪುನಃ ಬರೆಯಬಹುದಾಗಿದ್ದಿತು. ಉಳಿಯುವ ಗುಣವೂ ಬದಲಾಗುವ ಗುಣವೂ ಎರಡೂ ಕಡತಕ್ಕಿದ್ದುವು. ಆದರೆ ಒರೆಸುವ ಕೈ ಯಾರದೆಂಬುದಕ್ಕೆ ಕಡತದಲ್ಲಿ ಗುರುತು ಉಳಿಯುತ್ತಿರಲಿಲ್ಲ.

ಮೈಸೂರು ಸೀಮೆಯಲ್ಲಿ ೧೮೬೩ರಲ್ಲಿ ಬೊಂಬಾಯಿಯ ಪದ್ಧತಿಯನ್ನನುಸರಿಸಿ ಸರ್ವೆ ಸೆಟ್ಲ್‌ಮೆಂಟ್ ಆರಂಭವಾದ ಮೇಲೆ ಪ್ರತಿಯೊಂದು ಹೊಲಕ್ಕೂ ಒಂದು ಸಂಖ್ಯೆಯು ಬಂದಿತು. ಈ ಸರ್ವೆ ನಂಬರು ಗ್ರಾಮದ ಎಲ್ಲೆಯೊಳಗೆ ಮಾತ್ರ ಏಕವಾದುದು. ಹತ್ತನೆಯ ನಂಬರಿನ ಹೊಲವು ಹಿರಿಯೂರು ತಾಲ್ಲೂಕಿನ ಗ್ರಾಮವೊಂದರಲ್ಲಿಯೂ ಇರಬಹುದು, ಹೊಸದುರ್ಗ ತಾಲ್ಲೂಕಿನ ಗ್ರಾಮವೊಂದರಲ್ಲಿಯೂ ಇರಬಹುದು. ಆದುದರಿಂದ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸೆ ಇವಿಷ್ಟನ್ನೂ ಹೇಳಿದ ಹೊರತು ಹೊಲವೊಂದನ್ನು ನಿಶ್ಚಯವಾಗಿ ಗುರುತಿಸಿದಂತಾಗುವುದಿಲ್ಲ. ರೈಸ್ ಅವರು ‘ಎಪಿಗ್ರಾಫಿಯ ಕರ್ಣಾಟಿಕ’ದಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಯನ್ನು ಕೊಟ್ಟುದೂ ಇದೇ ಕ್ರಮದಲ್ಲಿ. ಹೊಳಲ್ಕೆರೆಯ ಒಂದನೆಯ ಶಾಸನವೂ ಹಿರಿಯೂರಿನ ಒಂದನೆಯ ಶಾಸನವೂ ಬೇರೆ ಬೇರೆ. ‘ಒಂದೇ’ ಎಂಬ ಮಾತಿಗೆ ಎಲ್ಲೆಯನ್ನು ಹೇಳದಿದ್ದರೆ ಅರ್ಥವಿಲ್ಲ.

ಈ ಎಲ್ಲೆಯೂ ಸ್ಥಿರವಲ್ಲ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗದಿಂದ ಬೇರೆಯಾದುವು. ಹೊಳಲ್ಕೆರೆಯೂ ಹೊಸದುರ್ಗವೂ ಚಿತ್ರದುರ್ಗದಲ್ಲಿಯೇ ಉಳಿದುವು. ಬೇರೆಯಾದ ತಾಲ್ಲೂಕುಗಳ ಹೊಲಗಳು ಇದ್ದಲ್ಲಿಯೇ ಇದ್ದುವು, ನಂಬರುಗಳೂ ಬದಲಾಗಲಿಲ್ಲ. ಬದಲಾದುದು ಅವುಗಳ ವಿಳಾಸ ಮಾತ್ರ. ವಸ್ತುವಿನ ಗುರುತು ಬೇರೆ, ಅದು ಇರುವ ಸ್ಥಾನದ ಹೆಸರು ಬೇರೆ ಎಂಬ ವಿವೇಕವು ಮುಂದೆ ವೆಬ್ಬಿನ ಪ್ರಕರಣದಲ್ಲಿಯೂ ಉಪಯುಕ್ತವಾಗುವುದು.

ಹಕ್ಕುಗಳ ದಾಖಲೆಯನ್ನು ಕುರಿತು ಮೈಸೂರಿನಲ್ಲಿ ೧೯೨೭ರಲ್ಲಿ ಪ್ರತ್ಯೇಕ ಕಾನೂನಾಯಿತು. ೧೯೬೧ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನಿನಿಂದ ಶಾನುಭೋಗರ ವಂಶಪಾರಂಪರ್ಯದ ಹುದ್ದೆಯು ಕೊನೆಗೊಂಡು ಗ್ರಾಮಲೆಕ್ಕಿಗರು ಬಂದರು. ೧೯೬೪ರ ಭೂಕಂದಾಯ ಕಾನೂನಿನ ೧೩೩ನೆಯ ಪ್ರಕರಣವು, ಹಕ್ಕುದಾಖಲೆಯಲ್ಲಿರುವ ನಮೂದು ಸುಳ್ಳೆಂದು ಸಿದ್ಧವಾಗುವವರೆಗೆ ಅಥವಾ ಅದರ ಬದಲು ಬೇರೆ ನಮೂದು ಸಕ್ರಮವಾಗಿ ಆಗುವವರೆಗೆ ಅದನ್ನು ನಿಜವೆಂದೇ ಭಾವಿಸಬೇಕೆಂದು ವಿಧಿಸಿತು. ಹೀಗೆ ಗ್ರಾಮಲೆಕ್ಕಿಗನ ವಶದಲ್ಲಿದ್ದ ಕೈಬರೆಹದ ಪುಸ್ತಕವೊಂದಕ್ಕೆ ಕಾನೂನಿನ ಬಲವು ಒದಗಿತು. ಪುಸ್ತಕವು ಒಂದೇ, ಆದರೆ ಅದಕ್ಕೆ ಕಾವಲು ಕಡಮೆ.

೩. ಸಿಂಗಲ್ಟನ್ನಿನ ಉದಯ

ಪ್ರೋಗ್ರಾಮನ್ನು ವಸ್ತುಗಳ ಸಮುದಾಯವೆಂದು ಭಾವಿಸಿ ರಚಿಸುವ ಮಾರ್ಗಕ್ಕೆ ನಾರ್ವೆ ದೇಶದ ದಾಲ್ ಮತ್ತು ನ್ಯೂಗಾರ್ಡ್ ಎಂಬವರ ಸಿಮ್ಯುಲ ಭಾಷೆಯು ೧೯೬೦ರ ದಶಕದಲ್ಲಿ ಅಡಿಗಲ್ಲಾಯಿತು. ಈ ಮಾರ್ಗದಲ್ಲಿ ವರ್ಗವೆಂಬುದು ಅಚ್ಚು, ವಸ್ತುವೆಂಬುದು ಆ ಅಚ್ಚಿನಿಂದ ಎರಕವಾದ ಬೊಂಬೆ. ಒಂದು ಅಚ್ಚಿನಿಂದ ಎಷ್ಟು ಬೊಂಬೆಗಳನ್ನಾದರೂ ಎರೆಯಬಹುದು. ಆದರೆ ಕೆಲವು ವಸ್ತುಗಳು ಎರಡಾದರೆ ಅನರ್ಥವಾಗುವುದು. ಮುದ್ರಣಯಂತ್ರಕ್ಕೆ ಕಾಗದಗಳನ್ನು ಸರದಿಯಲ್ಲಿ ಕಳುಹಿಸುವ ವಸ್ತುವು ಎರಡಾದರೆ ಎರಡು ಸರದಿಗಳು ಹುಟ್ಟಿ ಪುಟಗಳು ಕಲಸಿಹೋಗುತ್ತವೆ.

೧೯೯೪ರಲ್ಲಿ ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸೈಡ್ಸ್ ಎಂಬ ನಾಲ್ವರು ‘ಡಿಸೈನ್ ಪ್ಯಾಟರ್ನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಕಟ್ಟಡಗಳ ರಚನೆಯಲ್ಲಿ ಮತ್ತೆ ಮತ್ತೆ ಕಾಣಬರುವ ಮಾದರಿಗಳನ್ನು ವಾಸ್ತುಶಿಲ್ಪಿ ಕ್ರಿಸ್ಟೊಫರ್ ಅಲೆಗ್ಸಾಂಡರನು ಸಂಗ್ರಹಿಸಿದಂತೆ ಇವರು ಪ್ರೋಗ್ರಾಮುಗಳ ಮಾದರಿಗಳನ್ನು ಸಂಗ್ರಹಿಸಿದರು. ಅಂಥ ೨೩ ಮಾದರಿಗಳಲ್ಲಿ ವಸ್ತುಸೃಷ್ಟಿಗೆ ಸಂಬಂಧಿಸಿದವು ಐದು. ಆ ಐದರಲ್ಲಿ ಸಿಂಗಲ್ಟನ್ ಒಂದು. ಅದರ ವಿಧಾನವು ಸರಳವಾದುದು. ಹೊಸ ವಸ್ತುವನ್ನು ಎರೆಯುವ ಬಾಗಿಲನ್ನು ಹೊರಗಿನವರಿಗೆ ಮುಚ್ಚುವುದು. ಬೇಕೆಂದು ಕೇಳಿದವರಿಗೆ ಒಂದೇ ಮಾರ್ಗವನ್ನು ತೆರೆದಿಡುವುದು. ಆ ಮಾರ್ಗದಲ್ಲಿ ಮೊದಲು ಬಂದವನಿಗಾಗಿ ವಸ್ತುವನ್ನು ನಿರ್ಮಿಸಿ, ತರುವಾಯ ಬಂದವರಿಗೆಲ್ಲ ಅದನ್ನೇ ಕೊಡುವುದು.

ಈ ಗ್ರಂಥದ ಉದಾಹರಣೆಗಳು ಸಿ ಪ್ಲಸ್ ಪ್ಲಸ್ ಮತ್ತು ಸ್ಮಾಲ್‌ಟಾಕ್ ಭಾಷೆಗಳವು. ಒಂದು ಯಂತ್ರದಲ್ಲಿ ಆರಂಭವಾಗಿ, ಬಹಳ ಹೊತ್ತು ನಡೆದು, ಮುಗಿಯುವ ಪ್ರೋಗ್ರಾಮುಗಳೇ ಅದರ ಕರ್ತೃಗಳ ಮನಸ್ಸಿನಲ್ಲಿದ್ದುವು. ಅಲ್ಲಿ ‘ಒಂದೇ’ ಎಂದರೆ ಆ ಪ್ರೋಗ್ರಾಮಿನ ಮೆಮೊರಿಯೊಳಗೆ ಒಂದೇ ಎಂದರ್ಥ. ಎಲ್ಲೆಯು ತಾನಾಗಿಯೇ ಸಿದ್ಧವಾಗಿದ್ದುದರಿಂದ ಅದನ್ನು ಬಾಯಿಬಿಟ್ಟು ಹೇಳುವ ಅವಶ್ಯಕತೆ ಯಾರಿಗೂ ತೋರಲಿಲ್ಲ.

೪. ವೆಬ್ಬಿನ ಕ್ಷಣಿಕತೆ

ಟಿಮ್ ಬರ್ನರ್ಸ್-ಲೀ ಎಂಬವನು ೧೯೮೯ರಲ್ಲಿ ಸರ್ನ್ ಸಂಸ್ಥೆಯಲ್ಲಿ ಸೂಚಿಸಿದ ವೆಬ್ ವ್ಯವಸ್ಥೆಯು ಬೇರೆ ಸ್ವಭಾವದ್ದು. ಓದುಗನ ಯಂತ್ರದಿಂದ ಕೋರಿಕೆ ಬರುತ್ತದೆ. ಸರ್ವರ್ ಉತ್ತರ ಕೊಡುತ್ತದೆ. ಅಲ್ಲಿಗೆ ಸಂಬಂಧ ಮುಗಿಯುತ್ತದೆ. ಮುಂದಿನ ಕೋರಿಕೆ ಬಂದಾಗ ಹಿಂದಿನದರ ನೆನಪಿರುವುದಿಲ್ಲ. ೧೯೯೩ರಲ್ಲಿ ಬಳಕೆಗೆ ಬಂದ ಸಿಜಿಐ ಕ್ರಮದಲ್ಲಿ ಪ್ರತಿಯೊಂದು ಕೋರಿಕೆಗೂ ಹೊಸದಾಗಿ ಒಂದು ಪ್ರೋಗ್ರಾಮು ಹುಟ್ಟಿ, ಉತ್ತರವನ್ನು ಬರೆದು, ಸಾಯುತ್ತಿದ್ದಿತು. ೧೯೯೫ರಲ್ಲಿ ರಾಸ್ಮಸ್ ಲೆರ್ಡಾರ್ಫನು ಪ್ರಕಟಿಸಿದ ಪಿಎಚ್‌ಪಿಯು ವೇಗವಾಗಿ ನಡೆಯುವ ಉಪಾಯಗಳನ್ನು ಕ್ರಮೇಣ ಪಡೆಯಿತಾದರೂ, ಕೋರಿಕೆಯು ಮುಗಿದೊಡನೆ ಅದರ ವಸ್ತುಗಳೆಲ್ಲವೂ ಅಳಿಯುವುದೆಂಬ ನಿಯಮವನ್ನು ಉಳಿಸಿಕೊಂಡಿತು.

೨೦೦೪ರಲ್ಲಿ ಬಂದ ಪಿಎಚ್‌ಪಿಯ ಐದನೆಯ ಆವೃತ್ತಿಯಲ್ಲಿ ವಸ್ತುಸೃಷ್ಟಿಯ ಬಾಗಿಲನ್ನು ಮುಚ್ಚುವ ಸೌಕರ್ಯ ದೊರೆತಾಗ, ಪ್ರೋಗ್ರಾಮರುಗಳು ಸಿಂಗಲ್ಟನ್ನನ್ನು ಉತ್ಸಾಹದಿಂದ ಬಳಸತೊಡಗಿದರು. ಡೇಟಾಬೇಸಿನೊಡನೆ ಸಂಪರ್ಕವನ್ನಿಡುವ ವಸ್ತುವು ಒಂದೇ ಇರಲೆಂಬುದು ಇದರ ಸಾಮಾನ್ಯ ಉದ್ದೇಶ. ಅಷ್ಟರ ಮಟ್ಟಿಗೆ ಅದು ಯುಕ್ತವೇ ಆಗಿದ್ದಿತು. ಆದರೆ ಒಂದು ಕೋರಿಕೆಯಲ್ಲಿ ಇಟ್ಟ ಬೆಲೆಯು ಮುಂದಿನ ಕೋರಿಕೆಯಲ್ಲಿಯೂ ಇರುವುದೆಂದು ನಂಬಿದವರು ನಿರಾಶರಾದರು. ನೂರು ಮಂದಿ ಒಂದೇ ಕಾಲದಲ್ಲಿ ಕೋರಿಕೆ ಕಳುಹಿಸಿದರೆ ಅಲ್ಲಿ ನೂರು ‘ಏಕವಸ್ತು’ಗಳು ಹುಟ್ಟುತ್ತವೆ, ಒಂದು ಇನ್ನೊಂದನ್ನು ಕಾಣದು.

೧೯೯೫ರಲ್ಲಿ ಸನ್ ಸಂಸ್ಥೆಯು ಹೊರತಂದ ಜಾವಾ ಭಾಷೆಯ ಸರ್ವರುಗಳಲ್ಲಿ ಸ್ಥಿತಿಯು ಇದಕ್ಕೆ ವಿಪರೀತವಾದುದು. ಅಲ್ಲಿ ಪ್ರೋಗ್ರಾಮು ಒಂದು ಕೋರಿಕೆಯಿಂದ ಇನ್ನೊಂದಕ್ಕೆ ಬದುಕಿರುತ್ತದೆ, ಸಿಂಗಲ್ಟನ್ನೂ ಬದುಕಿರುತ್ತದೆ. ಆದರೆ ಥ್ರೆಡ್ ಎಂಬ ಅನೇಕ ಕಾರ್ಯಧಾರೆಗಳು ಏಕಕಾಲದಲ್ಲಿ ಅದನ್ನು ಮುಟ್ಟುವುದರಿಂದ, ಒಬ್ಬ ಓದುಗನ ಹೆಸರು ಇನ್ನೊಬ್ಬನ ಪುಟದಲ್ಲಿ ಕಾಣಿಸುವಂಥ ಪ್ರಮಾದಗಳಿಗೆ ಅವಕಾಶವಾಯಿತು. ಮೊದಲ ಬಾರಿಗೆ ಕೇಳುವವರು ಇಬ್ಬರು ಒಟ್ಟಿಗೆ ಬಂದರೆ ಎರಡು ವಸ್ತುಗಳು ಹುಟ್ಟುವ ಸಂಭವವೂ ಇದ್ದಿತು. ಇದನ್ನು ತಪ್ಪಿಸಲು ಎರಡು ಬಾರಿ ಪರೀಕ್ಷಿಸಿ ಬೀಗ ಹಾಕುವ ಉಪಾಯವೊಂದು ಪ್ರಚಾರದಲ್ಲಿದ್ದಿತಾದರೂ, ಜಾವಾದ ಮೆಮೊರಿಯ ನಿಯಮಗಳು ೨೦೦೪ರಲ್ಲಿ ತಿದ್ದುಪಡಿಯಾಗುವವರೆಗೆ ಅದು ನಂಬತಕ್ಕುದಾಗಿರಲಿಲ್ಲ. ಇದಲ್ಲದೆ, ಓದುಗರು ಹೆಚ್ಚಿ ಸರ್ವರ್ ಯಂತ್ರಗಳು ಎರಡಾದರೆ ಸಿಂಗಲ್ಟನ್ನೂ ಎರಡಾಗುವುದು ಅನಿವಾರ್ಯ.

ಹಿರಿಯೂರು ತಾಲ್ಲೂಕಿನ ವಾಣೀವಿಲಾಸಸಾಗರದ ದೃಷ್ಟಾಂತದಿಂದ ಈ ಭೇದವು ವಿಶದವಾಗುವುದು. ೧೮೯೮ರಲ್ಲಿ ಆರಂಭವಾಗಿ ೧೯೦೭ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಗೆ ಮುಂಚೆ ವೇದಾವತಿಯಲ್ಲಿ ಮಳೆ ಬಂದಾಗ ಪ್ರವಾಹ, ಮಳೆ ನಿಂತಾಗ ಮರಳು. ನದಿಯು ಒಂದೇ ಆಗಿದ್ದರೂ ನೀರು ಉಳಿಯುತ್ತಿರಲಿಲ್ಲ. ಕಟ್ಟೆಯಾದ ಮೇಲೆ ಒಂದು ವರ್ಷದ ನೀರು ಇನ್ನೊಂದು ವರ್ಷಕ್ಕೆ ದೊರೆಯುವಂತಾಯಿತು. ೧೯೩೩ರಲ್ಲಿ ಕೋಡಿ ಹರಿದ ಆ ಸಾಗರವು ಪುನಃ ಕೋಡಿ ಹರಿದುದು ೨೦೨೨ರಲ್ಲಿ. ನಡುವಣ ಎಷ್ಟೋ ಬರಗಾಲಗಳಲ್ಲಿ ಜನರು ನೆಚ್ಚಿದ್ದುದು ಹರಿಯುವ ನದಿಯನ್ನಲ್ಲ, ನಿಂತ ನೀರನ್ನು. ವೆಬ್ಬಿನಲ್ಲಿ ಸಿಂಗಲ್ಟನ್ ಎಂಬುದು ನದಿಯಂತೆ. ಕಟ್ಟೆಯ ಕೆಲಸವನ್ನು ಅದರಿಂದ ಅಪೇಕ್ಷಿಸಬಾರದು.

೫. ಚಿರತ್ವದ ಪ್ರಯತ್ನಗಳು

ಕಟ್ಟೆಯನ್ನು ಎಲ್ಲಿ ಕಟ್ಟಬೇಕೆಂಬುದರಲ್ಲಿ ಹಲವು ಮಾರ್ಗಗಳು ತೋರಿಬಂದುವು. ೧೯೯೪ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿಯು ಕಲ್ಪಿಸಿದ ಕುಕಿಯೆಂಬ ಚೀಟಿಯು ಓದುಗನ ಬಳಿಯಲ್ಲಿಯೇ ಗುರುತನ್ನು ಇಡುತ್ತದೆ. ಸೆಷನ್ ಎಂಬ ಕ್ರಮದಲ್ಲಿ ಆ ಗುರುತನ್ನನುಸರಿಸಿ ಸರ್ವರಿನಲ್ಲಿ ಒಂದಷ್ಟು ವಿಷಯವನ್ನು ಕಾಪಾಡಲಾಗುತ್ತದೆ. ವಸ್ತುವನ್ನು ಉಳಿಸಬೇಕಾದರೆ ಅದನ್ನು ಅಕ್ಷರಗಳ ಸಾಲಾಗಿ ಮಾರ್ಪಡಿಸಿ ಕಡತದಲ್ಲಿಟ್ಟು, ಬೇಕಾದಾಗ ಆ ಸಾಲಿನಿಂದ ವಸ್ತುವನ್ನು ಪುನಃ ನಿರ್ಮಿಸುತ್ತಾರೆ. ಇದಕ್ಕೆ ಸೀರಿಯಲೈಸೇಷನ್ ಎಂದು ಹೆಸರು.

ಏಕತ್ವಕ್ಕೂ ಚಿರತ್ವಕ್ಕೂ ಇರುವ ವಿರೋಧವು ಸ್ಪಷ್ಟವಾಗಿ ಪ್ರಕಟವಾಗುವುದು ಇಲ್ಲಿಯೇ. ಕಡತದಿಂದ ಎದ್ದುಬಂದ ವಸ್ತುವು ಹಳೆಯ ವಸ್ತುವಲ್ಲ. ಅದರಂತೆಯೇ ಇರುವ ಹೊಸ ವಸ್ತು. ಮುಚ್ಚಿದ ಮುಂಬಾಗಿಲನ್ನು ಮುಟ್ಟದೆ ಹಿತ್ತಿಲ ಬಾಗಿಲಿನಿಂದ ಎರಡನೆಯ ಪ್ರತಿಯು ಒಳಗೆ ಬಂದಂತಾಗುತ್ತದೆ. ಒಂದು ಕಡತದಿಂದ ಎರಡು ಸಲ ಎಬ್ಬಿಸಿದರೆ ಎರಡು ವಸ್ತುಗಳು. ಒಂದನ್ನು ತಿದ್ದಿದರೆ ಇನ್ನೊಂದಕ್ಕೆ ತಿಳಿಯದು. ಬ್ರಹ್ಮಗಿರಿಯ ಮತ್ತು ಸಿದ್ದಾಪುರದ ಬಂಡೆಗಳ ಪ್ರಶ್ನೆಯೇ ಇದು. ಜಾವಾದಲ್ಲಿ ಇದನ್ನು ತಡೆಯಲು, ಎದ್ದುಬಂದ ವಸ್ತುವನ್ನು ತ್ಯಜಿಸಿ ಮೊದಲಿನದನ್ನೇ ಕೊಡುವ ಏರ್ಪಾಡನ್ನು ಪ್ರೋಗ್ರಾಮರನೇ ಬರೆಯಬೇಕಾಗಿದ್ದಿತು. ೨೦೦೮ರಲ್ಲಿ ಜೋಶುವ ಬ್ಲಾಕ್ ತನ್ನ ‘ಎಫೆಕ್ಟಿವ್ ಜಾವಾ’ ಗ್ರಂಥದ ಎರಡನೆಯ ಮುದ್ರಣದಲ್ಲಿ, ಒಂದೇ ಸದಸ್ಯನುಳ್ಳ ಎನಮ್ ಎಂಬ ರಚನೆಯು ಈ ದೋಷಕ್ಕೆ ಎಡೆಗೊಡದೆಂದು ತೋರಿಸಿ, ಸಿಂಗಲ್ಟನ್ನಿಗೆ ಅದೇ ಉತ್ತಮ ಮಾರ್ಗವೆಂದನು.

ಇನ್ನೊಂದು ಮಾರ್ಗವು ವಸ್ತುವಿನಿಂದ ಹೊರಡದೆ ದಾಖಲೆಯಿಂದ ಹೊರಡುತ್ತದೆ. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ೧೯೭೦ರಲ್ಲಿ ಪ್ರತಿಪಾದಿಸಿದ ಸಂಬಂಧಾತ್ಮಕ ಡೇಟಾಬೇಸಿನಲ್ಲಿ ಪ್ರತಿಯೊಂದು ಸಾಲಿಗೂ ಅದನ್ನು ಇತರ ಸಾಲುಗಳಿಂದ ಬೇರ್ಪಡಿಸುವ ಗುರುತು ಇರತಕ್ಕದ್ದು. ಸರ್ವೆ ನಂಬರಿನ ತತ್ತ್ವವೇ ಇದು. ಜಿಲ್ಲೆಯ ಹೆಸರಿನಂತೆ ಬದಲಾಗಬಲ್ಲ ಲಕ್ಷಣಗಳನ್ನು ಗುರುತಿನಲ್ಲಿ ಸೇರಿಸದೆ, ಅರ್ಥವಿಲ್ಲದ ಸಂಖ್ಯೆಯೊಂದನ್ನು ಗುರುತಾಗಿ ಇಡುವ ವಾಡಿಕೆಯೂ ಬೆಳೆಯಿತು. ಇಬ್ಬರು ಒಂದೇ ಸಾಲನ್ನು ತಿದ್ದಲು ಬಂದಾಗ ಒಬ್ಬನ ತಿದ್ದುಪಡಿಯು ಪೂರ್ಣವಾಗಿ ಮುಗಿಯಬೇಕು, ಇಲ್ಲವೆ ಆರಂಭವೇ ಆಗದಂತಿರಬೇಕು ಎಂಬ ಟ್ರಾನ್ಸಾಕ್ಷನ್ ನಿಯಮವು ೧೯೭೦-೮೦ರ ದಶಕಗಳಲ್ಲಿ ಖಚಿತರೂಪವನ್ನು ತಾಳಿತು. ಮಾರ್ಟಿನ್ ಫೌಲರನು ೨೦೦೨ರ ತನ್ನ ಗ್ರಂಥದಲ್ಲಿ ವಿವರಿಸಿದ ಐಡೆಂಟಿಟಿ ಮ್ಯಾಪ್ ಎಂಬ ಮಾದರಿಯು ಇವೆರಡು ಮಾರ್ಗಗಳ ಸಂಧಿಯಾಗಿದೆ. ಡೇಟಾಬೇಸಿನ ಒಂದು ಸಾಲಿಗೆ ಒಂದು ಕಾರ್ಯದೊಳಗೆ ಒಂದೇ ವಸ್ತು. ಎರಡನೆಯ ಬಾರಿ ಕೇಳಿದರೂ ಮೊದಲು ಕೊಟ್ಟುದೇ. ಇಲ್ಲಿ ಏಕತ್ವದ ಎಲ್ಲೆಯನ್ನು ಸ್ಪಷ್ಟವಾಗಿ ಹೇಳಿರುವುದು ಗಮನಾರ್ಹ.

೬. ‘ಭೂಮಿ’

ಕರ್ಣಾಟಕದ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯ ತಂತ್ರಾಂಶದ ಒಳರಚನೆಯನ್ನು ಚರ್ಚಿಸುವುದು ಇಲ್ಲಿಯ ಉದ್ದೇಶವಲ್ಲ. ಆಡಳಿತದ ಮಟ್ಟದಲ್ಲಿ ಅದು ಕೈಕೊಂಡ ನಿರ್ಣಯಗಳೇ ಪ್ರಕೃತಕ್ಕೆ ಸಾಕು. ೧೯೯೯ರಿಂದ ೨೦೦೨ರವರೆಗಿನ ಅವಧಿಯಲ್ಲಿ ರಾಜ್ಯದ ಸುಮಾರು ೬೭ ಲಕ್ಷ ರೈತರ ಸುಮಾರು ೨ ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದುವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳೂ ಸೇರಿದಂತೆ ೧೭೭ ತಾಲ್ಲೂಕು ಕಚೇರಿಗಳಲ್ಲಿ ಕೇಂದ್ರಗಳು ತೆರೆದುವು. ಹದಿನೈದು ರೂಪಾಯಿ ಕೊಟ್ಟವರಿಗೆ ಪಹಣಿಯ ಅಚ್ಚಾದ ಪ್ರತಿಯು ದೊರೆಯುವಂತಾಯಿತು.

ಆದರೆ ಈ ಯೋಜನೆಯ ಮುಖ್ಯವಾದ ಹೆಜ್ಜೆಯು ಕಂಪ್ಯೂಟರನ್ನು ತಂದುದಲ್ಲ. ಕಂಪ್ಯೂಟರಿಗೆ ಏರಿದ ಮೇಲೆ ಕೈಬರೆಹದ ಪಹಣಿಗೆ ಮಾನ್ಯತೆಯನ್ನು ತೆಗೆದುಹಾಕಿದುದು. ಹಳೆಯ ಪುಸ್ತಕವನ್ನೂ ಹೊಸ ದಾಖಲೆಯನ್ನೂ ಎರಡನ್ನೂ ಉಳಿಸಿದ್ದರೆ ಒಂದು ಹೊಲಕ್ಕೆ ಎರಡು ಸತ್ಯಗಳು ಇರುತ್ತಿದ್ದುವು. ಹಿತ್ತಿಲ ಬಾಗಿಲನ್ನು ಮುಚ್ಚಿದುದರಿಂದಲೇ ಏಕತ್ವವು ಸಿದ್ಧಿಸಿತು. ತಿದ್ದುವ ಅಧಿಕಾರಿಯ ಬೆರಳಚ್ಚನ್ನು ಪರೀಕ್ಷಿಸುವ ಏರ್ಪಾಡಿನಿಂದ, ಕಡತದಲ್ಲಿ ಇಲ್ಲದಿದ್ದ ಗುರುತು ಇಲ್ಲಿ ಉಳಿಯಿತು. ಒರೆಸುವ ಕೈ ಯಾರದೆಂಬುದು ತಿಳಿಯುವಂತಾಯಿತು. ಹಕ್ಕುಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕೆಂಬ ನಿಯಮವೂ ಸೇರಿತು.

ಆರಂಭದಲ್ಲಿ ದಾಖಲೆಯ ನೆಲೆಯು ಆಯಾ ತಾಲ್ಲೂಕಿನ ಸರ್ವರ್ ಆಗಿದ್ದಿತು. ಏಕತ್ವದ ಎಲ್ಲೆಯು ಗ್ರಾಮಲೆಕ್ಕಿಗನ ಪುಸ್ತಕದಿಂದ ತಾಲ್ಲೂಕಿಗೆ ಹಿಗ್ಗಿತು. ತರುವಾಯ ದಾಖಲೆಗಳು ರಾಜ್ಯದ ಡೇಟಾ ಕೇಂದ್ರದಲ್ಲಿ ಒಟ್ಟುಗೂಡಿ, ೨೦೦೬ರ ಬಳಿಕ ಹೋಬಳಿಗಳ ನೆಮ್ಮದಿ ಕೇಂದ್ರಗಳಿಂದಲೂ, ಅನಂತರ ವೆಬ್ಬಿನ ಮೂಲಕವೂ ಪಹಣಿಯು ದೊರೆಯತೊಡಗಿತು. ಹೊಸದುರ್ಗದ ರೈತನೊಬ್ಬನು ಬೆಂಗಳೂರಿನಲ್ಲಿ ಕುಳಿತು ತನ್ನ ಹೊಲವನ್ನು ನೋಡಬೇಕಾದರೂ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನು ಒಂದೊಂದಾಗಿ ಆರಿಸಬೇಕು. ಸರ್ವೆಯವರು ಹಾಕಿದ ಗುರುತಿನ ಮೆಟ್ಟಿಲುಗಳೇ ವೆಬ್ಬಿನ ಪುಟದಲ್ಲಿಯೂ ಉಳಿದಿವೆ. ಆತನು ನೋಡುವುದು ಪ್ರತಿಯನ್ನು. ಮೂಲವು ಒಂದೇ ಕಡೆ ಇದೆ. ಪ್ರತಿಗಳು ಎಷ್ಟಾದರೂ ಆಗಲಿ, ತಿದ್ದುವ ಸ್ಥಾನವು ಒಂದೇ ಆಗಿರುವುದರಿಂದ ಬಾಧಕವಿಲ್ಲ.

ಇಷ್ಟರಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾಗದು. ಉಳಿಯುವ ಗುಣವು ಸತ್ಯಕ್ಕೆ ಹೇಗೋ ತಪ್ಪಿಗೂ ಹಾಗೆಯೇ. ಕೈಬರೆಹದ ಪುಸ್ತಕದಲ್ಲಿದ್ದ ಹೆಸರಿನ ತಪ್ಪು, ವಿಸ್ತೀರ್ಣದ ತಪ್ಪು ಇವು ಕಂಪ್ಯೂಟರಿಗೆ ಏರಿದಾಗ, ೧೩೩ನೆಯ ಪ್ರಕರಣದ ಬಲದಿಂದ ಅವೇ ನಿಜವೆಂದು ಭಾವಿಸಲ್ಪಟ್ಟುವು. ತಿದ್ದಿಸಿಕೊಳ್ಳುವ ಭಾರವು ರೈತನ ಮೇಲೆ ಬಿದ್ದಿತು. ಹಿಂದೆ ಊರಿನಲ್ಲಿಯೇ ಇದ್ದ ಗ್ರಾಮಲೆಕ್ಕಿಗನನ್ನು ಕೇಳಿ ಮಾಡಿಸಿಕೊಳ್ಳಬಹುದಾಗಿದ್ದ ಕೆಲಸಕ್ಕೆ ತಾಲ್ಲೂಕು ಕಚೇರಿಗೆ ಹೋಗಬೇಕಾಯಿತು. ೨೦೦೭ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು, ದಾಖಲೆಗಳು ಹೀಗೆ ಕೇಂದ್ರೀಕೃತವಾದುದು ಬೆಂಗಳೂರಿನ ಸುತ್ತಲಿನ ಪ್ರದೇಶದಲ್ಲಿ ದೊಡ್ಡ ಹಿಡುವಳಿಗಳನ್ನು ಅರಸುವ ಬಲಾಢ್ಯರಿಗೆ ಹೆಚ್ಚು ಅನುಕೂಲವಾಯಿತೆಂದು ವಾದಿಸಿದರು. ಒಂದೇ ಬಾಗಿಲಿರುವ ಕೋಟೆಯನ್ನು ಕಾಯುವುದು ಸುಲಭ. ಆದರೆ ಆ ಬಾಗಿಲು ಯಾರಿಗೆ ಹತ್ತಿರ, ಯಾರಿಗೆ ದೂರ ಎಂಬುದೂ ವಿಚಾರಿಸತಕ್ಕ ವಿಷಯ.

೭. ಉಪಸಂಹಾರ

ಮೇಲಿನ ವಿಚಾರಗಳಿಂದ ಮೂರು ಅಂಶಗಳು ವಿದಿತವಾಗುತ್ತವೆ. ಮೊದಲನೆಯದು, ಏಕತ್ವವು ಯಾವಾಗಲೂ ಒಂದು ಎಲ್ಲೆಯೊಳಗಿನ ಏಕತ್ವ. ಸರ್ವೆ ನಂಬರಿಗೆ ಗ್ರಾಮವು ಎಲ್ಲೆಯಾದಂತೆ ಪಿಎಚ್‌ಪಿಯ ಸಿಂಗಲ್ಟನ್ನಿಗೆ ಕೋರಿಕೆಯೂ, ಜಾವಾದ ಸಿಂಗಲ್ಟನ್ನಿಗೆ ನಡೆಯುತ್ತಿರುವ ಒಂದು ಪ್ರೋಗ್ರಾಮೂ ಎಲ್ಲೆ. ಎರಡನೆಯದು, ಚಿರತ್ವವನ್ನು ಸಾಧಿಸುವ ಉಪಾಯಗಳೆಲ್ಲವೂ ಪ್ರತಿಗಳನ್ನು ಹುಟ್ಟಿಸುವುದರಿಂದ ಏಕತ್ವವನ್ನು ಪ್ರತ್ಯೇಕವಾಗಿ ಕಾಯಬೇಕಾಗುತ್ತದೆ. ಮೂರನೆಯದು, ಏಕತ್ವದ ನೆಲೆಯೂ ಚಿರತ್ವದ ನೆಲೆಯೂ ಒಂದೇ ಕಡೆ ಕೂಡಿದಾಗ ಮಾತ್ರ, ಅಂದರೆ ಉಳಿಯುವ ಸ್ಥಾನವೇ ತಿದ್ದುವ ಸ್ಥಾನವೂ ಆದಾಗ ಮಾತ್ರ, ಇವೆರಡರ ವಿರೋಧವು ಶಮನವಾಗುತ್ತದೆ. ಪ್ರೋಗ್ರಾಮಿನ ಮೆಮೊರಿಯಲ್ಲಿರುವ ಏಕವಸ್ತುವು ಆ ನೆಲೆಗೆ ದಾರಿಯಾಗಬಹುದೇ ಹೊರತು ತಾನೇ ಆ ನೆಲೆಯಾಗಲಾರದು.

ಚಂದ್ರವಳ್ಳಿಯ ಬಂಡೆಗೆ ಈ ಎರಡು ಗುಣಗಳೂ ಇದ್ದುವು. ತಿದ್ದಿಸಿಕೊಳ್ಳುವ ಗುಣ ಮಾತ್ರ ಇರಲಿಲ್ಲ. ಜೀವಂತವಾದ ಹಕ್ಕುಗಳನ್ನು ಹೊತ್ತ ದಾಖಲೆಗೆ ಅದೂ ಅವಶ್ಯಕ. ತಪ್ಪನ್ನು ತಿದ್ದುವ ಮಾರ್ಗವು ಸುಲಭವಾಗಿಯೂ, ತಿದ್ದಿದವನ ಗುರುತು ಅಳಿಯದಂತೆಯೂ ಇರುವ ವ್ಯವಸ್ಥೆಯೇ ರೈತನ ಹೊಲಕ್ಕೂ ಪ್ರೋಗ್ರಾಮಿನ ವಸ್ತುವಿಗೂ ಸಮಾನವಾದ ರಕ್ಷೆ.